ಬ್ಯಾಂಜೊದಲ್ಲಿ ಶಾಸ್ತ್ರೀಯ ಸಂಗೀತ: ಶ್ರುತಿ ಕೂಡಿಸುವುದರಿಂದ ಪಿಳ್ಳಾರಿ ಗೀತೆಯವರೆಗೆ

ಬ್ಯಾಂಜೊದ ಸ್ವರಕ್ಕೆ ಆಯುಸ್ಸು ಕಡಿಮೆ. ಮೀಟಿದೊಡನೆ ಠಣ್ಣನೆ ಎದ್ದು ನಿಲ್ಲುತ್ತದೆ, ರೆಪ್ಪೆ ಬಡಿಯುವಷ್ಟರಲ್ಲಿ ಅಡಗುತ್ತದೆ. ವೀಣೆಯಲ್ಲಿ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ ಮರದ ಕೊಡದ ಮೇಲೆ ಕೂತಿರುವುದರಿಂದ ತಂತಿ ತನ್ನ ಕಸುವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಬ್ಯಾಂಜೊದಲ್ಲಿ ಕುದುರೆ ಕೂತಿರುವುದು ಮದ್ದಳೆಯ ಹಾಗೆ ಬಿಗಿದ ಮುಚ್ಚಿಗೆಯ ಮೇಲೆ. ಮುಚ್ಚಿಗೆ ಹಗುರ, ತಂತಿಯ ಕಸುವನ್ನೆಲ್ಲ ಒಂದೇ ಸಲಕ್ಕೆ ಗಾಳಿಗೆ ಕೊಟ್ಟುಬಿಡುತ್ತದೆ. ದನಿ ಜೋರಾಗಿರುವುದಕ್ಕೂ ಬೇಗ ಆರಿಹೋಗುವುದಕ್ಕೂ ಕಾರಣ ಅದೊಂದೇ.

ಬಸವನಗುಡಿಯಲ್ಲಿ ಎಂಟು ವರ್ಷ ವೀಣೆ ಕಲಿತ ಮೇಲೆ, ಅಣ್ಣ ಅಮೆರಿಕದಿಂದ ಮರಳುವಾಗ ತಂದ ಐದು ತಂತಿಯ ಬ್ಯಾಂಜೊ ನನ್ನ ಕೈಗೆ ಬಂತು. ಮೊದಲ ಒಂದು ವರ್ಷ ಅದನ್ನು ವೀಣೆಯಾಗಿಸಲು ಹೆಣಗಿದೆ. ತೋಡಿ ರಾಗದ ಗಾಂಧಾರವನ್ನು ಎಳೆಯಲು ಹೋಗಿ ಕುದುರೆ ಜಾರಿತು, ಶ್ರುತಿ ಕೆಟ್ಟಿತು. ಕೊನೆಗೆ ವಾದ್ಯವನ್ನು ಹೊತ್ತುಕೊಂಡು ನನ್ನ ವೀಣೆಯ ಟೀಚರ್ ಹತ್ತಿರವೇ ಹೋದೆ. ಅವರು ಐದು ನಿಮಿಷ ಸುಮ್ಮನೆ ಕೇಳಿ, "ನೋಡಮ್ಮ, ಇದು ಎಳೆಯುವ ವಾದ್ಯವಲ್ಲ, ಮೀಟುವ ವಾದ್ಯ. ನಿನ್ನ ಎಡಗೈಯನ್ನು ಸ್ವಲ್ಪ ಮರೆತು ಬಲಗೈಯನ್ನು ಕೇಳಿಸಿಕೋ" ಎಂದರು. ಈ ಮಾರ್ಗದರ್ಶಿಯಲ್ಲಿರುವುದೆಲ್ಲ ಆ ಮಾತನ್ನು ಹಿಡಿದು ನಡೆದಾಗ ನನಗೆ ಸಿಕ್ಕಿದ್ದು. ಸ್ವರಜ್ಞಾನ ಇರುವವರಿಗೆ, ಅಂದರೆ ಹಾಡಿಕೆಯನ್ನೋ ಯಾವುದಾದರೂ ವಾದ್ಯವನ್ನೋ ಸರಳೆ ವರಸೆಯ (ಮೊದಲ ಸ್ವರಪಾಠಗಳ) ಮಟ್ಟಕ್ಕಾದರೂ ಕಲಿತವರಿಗೆ ಇದು ಕೂಡಲೇ ಉಪಯೋಗಕ್ಕೆ ಬರುತ್ತದೆ.

ಯಾವ ಬ್ಯಾಂಜೊ?

ನಮ್ಮಲ್ಲಿ ಬ್ಯಾಂಜೊ ಎಂದರೆ ಹಲವರಿಗೆ ನೆನಪಾಗುವುದು ಬೆರಳಚ್ಚು ಯಂತ್ರದಂತೆ ಗುಂಡಿಗಳಿರುವ, ವಾದ್ಯಗೋಷ್ಠಿಗಳಲ್ಲಿ ಕಾಣುವ ಬುಲ್‌ಬುಲ್ ತರಂಗ. ಅದರ ಮೂಲ ಜಪಾನಿನ ತೈಶೊಗೊತೊ. ಇಲ್ಲಿ ಹೇಳುತ್ತಿರುವುದು ಅದಲ್ಲ. ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳಿಗೆ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರು ಸೋರೆಬುರುಡೆಗೆ ಚರ್ಮ ಬಿಗಿದು ಕಟ್ಟಿಕೊಂಡ ವಾದ್ಯದಿಂದ ಬೆಳೆದುಬಂದ, ಉದ್ದ ಕುತ್ತಿಗೆಯ, ದುಂಡು ಮುಚ್ಚಿಗೆಯ ಬ್ಯಾಂಜೊ ಇದು. ನಾಲ್ಕು ತಂತಿಯ ಟೆನರ್ ಬ್ಯಾಂಜೊ ಕೂಡ ಇದೆ. ಅದನ್ನು ಕೊಳ್ಳಬೇಡಿ. ನಮ್ಮ ಕೆಲಸಕ್ಕೆ ಐದನೇ ತಂತಿಯೇ ಪ್ರಾಣ.

ಆ ಐದನೆಯದು ಗಿಡ್ಡ ತಂತಿ. ಅದರ ಬಿರಡೆ ತಲೆಯ ಭಾಗದಲ್ಲಿರದೆ ಕುತ್ತಿಗೆಯ ಪಕ್ಕದಲ್ಲಿ, 5ನೇ ಮೆಟ್ಟಿಲ (ಸ್ವರಸ್ಥಾನದ ಅಡ್ಡಪಟ್ಟಿಯ) ಬಳಿ ಇರುತ್ತದೆ. ವೀಣೆ ಬಲ್ಲವರು ಇದನ್ನು ನೋಡಿದೊಡನೆ ಗುರುತಿಸುತ್ತಾರೆ: ಇದು ತಾಳದ ತಂತಿ, ಅಂದರೆ ರಾಗ ನುಡಿಸದೆ ತಾಳ ತೋರಿಸಲು ಬಿಡಿಯಾಗಿ ಮೀಟುವ ಪಕ್ಕದ ತಂತಿ.

ಬೆಂಗಳೂರಿನ ಅಂಗಡಿಗಳಲ್ಲಿ ಗಿಟಾರ್ ಸಿಕ್ಕಷ್ಟು ಸುಲಭವಾಗಿ ಬ್ಯಾಂಜೊ ಸಿಗುವುದಿಲ್ಲ, ಸಾಮಾನ್ಯವಾಗಿ ಹೇಳಿ ತರಿಸಬೇಕಾಗುತ್ತದೆ. ಹಿಂದೆ ಮರದ ಬಟ್ಟಲಿರುವುದು ಜೋರು, ಹಿಂಬದಿ ತೆರೆದಿರುವುದು ಮೆದು. ಮನೆಯಲ್ಲಿ ಕೂತು ಕಲಿಯುವವರಿಗೆ ತೆರೆದದ್ದೇ ಒಳ್ಳೆಯದು. ಮುಚ್ಚಿಗೆ ಪ್ಲಾಸ್ಟಿಕ್ಕಿನದಿರಲಿ. ಚರ್ಮದ್ದಾದರೆ ನಮ್ಮ ಜುಲೈ ತಿಂಗಳ ತೇವಕ್ಕೆ ಸಡಿಲಾಗಿ ದನಿ ಮಂಕಾಗುತ್ತದೆ.

ತಂತಿಯ ವಿಷಯದಲ್ಲಿ ಒಂದು ಉಪಾಯವಿದೆ. ಬ್ಯಾಂಜೊ ತಂತಿಯ ತುದಿಯಲ್ಲಿ ಕುಣಿಕೆ ಇರುತ್ತದೆ, ಗಿಟಾರ್ ತಂತಿಯ ತುದಿಯಲ್ಲಿ ಸಣ್ಣ ಲೋಹದ ಗುಂಡು. ಆ ಗುಂಡನ್ನು ಇಕ್ಕುಳದಲ್ಲಿ ಒತ್ತಿ ಒಡೆದು ತೆಗೆದರೆ ಕುಣಿಕೆ ಉಳಿಯುತ್ತದೆ. ಹತ್ತರ ಅಳತೆಯ (0.010 ಇಂಚಿನ) ಗಿಟಾರ್ ತಂತಿ ಬ್ಯಾಂಜೊದ 1 ಮತ್ತು 5ನೇ ತಂತಿಗೆ ಸರಿಹೋಗುತ್ತದೆ. ರಾತ್ರಿ ಎಂಟಕ್ಕೆ ತಂತಿ ಹರಿದರೆ ಬಡಾವಣೆಯ ಯಾವ ಗಿಟಾರ್ ಅಂಗಡಿಯಾದರೂ ಸಾಕು.

ಕುದುರೆ ಕೂರಿಸುವುದು

ಬ್ಯಾಂಜೊದ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ಹೊಸ ವಾದ್ಯ ಮನೆಗೆ ಬಂದಾಗ ಅದು ಸರಿಯಾದ ಜಾಗದಲ್ಲಿರುವುದೇ ಅಪರೂಪ, ಹಾಗಾಗಿ ಮೊದಲ ಕೆಲಸ ಇದೇ. ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಬರುವ ಪಟ್ಟಿಯಿಂದ, ಅಂದರೆ ಮೇರುವಿನಿಂದ, 12ನೇ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಸುಮಾರು ಅಷ್ಟೇ ದೂರವಿರಲಿ. ಆಮೇಲೆ 1ನೇ ತಂತಿಯನ್ನು 12ನೇ ಮೆಟ್ಟಿಲ ನೇರಕ್ಕೆ ಒತ್ತದೆ, ಬೆರಳನ್ನು ಬರೀ ತಾಗಿಸಿ ಮೀಟಿ. ಗಂಟೆಯಂಥ ತೆಳು ನಾದ ಬರುತ್ತದೆ. ಈಗ ಅದೇ ಮೆಟ್ಟಿಲನ್ನು ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಕುತ್ತಿಗೆಯಿಂದ ಕೂದಲೆಳೆಯಷ್ಟು ದೂರ ಸರಿಸಿ, ಇಳಿದಿದ್ದರೆ ಹತ್ತಿರಕ್ಕೆ ತನ್ನಿ. 4ನೇ ತಂತಿಗೂ ಹೀಗೆಯೇ ಮಾಡಿ. ಕುದುರೆ ತುಸು ಓರೆಯಾಗಿ ನಿಂತರೆ ಅದೇ ಸರಿ. ಸರಿಸುವ ಮುನ್ನ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಆದರೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ, ಕುದುರೆ ಬಿದ್ದುಹೋಗುತ್ತದೆ. ಜಾಗ ಸಿಕ್ಕಮೇಲೆ ಪೆನ್ಸಿಲ್ಲಿನಿಂದ ಮುಚ್ಚಿಗೆಯ ಮೇಲೆ ಗುರುತು ಹಾಕಿಕೊಳ್ಳಿ.

ಶ್ರುತಿ

ಈ ವಾದ್ಯದ ವಾಡಿಕೆಯ ಶ್ರುತಿ ಹೀಗಿದೆ: 4ನೇ ತಂತಿ ಡಿ, 3ನೆಯದು ಜಿ, 2ನೆಯದು ಬಿ, 1ನೆಯದು ಡಿ, ಗಿಡ್ಡ ತಂತಿ ಮೇಲಿನ ಜಿ. ಜಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡು ಓದಿದರೆ ಅದು ಮಂದ್ರ ಪ, ಸ, ಅಂತರ ಗ, ಪ, ತಾರ ಸ ಆಗುತ್ತದೆ. ಶ್ರುತಿಪೆಟ್ಟಿಗೆಯನ್ನೋ ಮೊಬೈಲ್ ತಂಬೂರಿಯನ್ನೋ ಐದನೇ ಮನೆಗೆ, ಅಂದರೆ ಜಿ ಶ್ರುತಿಗೆ, ಇಡಿ. ಮೊದಲು 3ನೇ ತಂತಿಯ ಸ, ಆಮೇಲೆ 4ರ ಪ, 1ರ ಪ, ಗಿಡ್ಡ ತಂತಿಯ ತಾರ ಸ, ಕಡೆಯಲ್ಲಿ 2ರ ಗಾಂಧಾರ. ಒಂದು ತಂತಿ ಬಿಗಿದರೆ ಮುಚ್ಚಿಗೆ ತಗ್ಗಿ ಉಳಿದವು ಇಳಿಯುತ್ತವೆ. ಆದ್ದರಿಂದ ಎರಡು ಸುತ್ತು ಹಾಕದೆ ಶ್ರುತಿ ನಿಲ್ಲುವುದಿಲ್ಲ.

ಗಾಂಧಾರದ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ಟ್ಯೂನರ್ ತೋರಿಸುವ ಬಿ, ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಒಂದಿಷ್ಟು ಮೇಲಿರುತ್ತದೆ, ಸುಮಾರು 14 ಸೆಂಟ್‌ಗಳಷ್ಟು (ಅರ್ಧ ಸ್ವರಕ್ಕೆ ನೂರು ಸೆಂಟ್). ಕಿವಿ ಒಪ್ಪುವವರೆಗೆ ಇಳಿಸೋಣವೆಂದರೆ ಅದೇ ತಂತಿಯ 1ನೇ ಮೆಟ್ಟಿಲಲ್ಲಿರುವ ಮಧ್ಯಮವೂ ಜೊತೆಗೆ ಇಳಿದು ಬೇಸುರಾಗುತ್ತದೆ. ವೀಣೆಯಲ್ಲಿ ಮೇಣ ಕರಗಿಸಿ ಮೆಟ್ಟಿಲನ್ನೇ ಸರಿಸಬಹುದು, ಇಲ್ಲಿ ಆ ದಾರಿಯಿಲ್ಲ. ನಾನು ಗಾಂಧಾರವನ್ನು ಅರ್ಧದಾರಿಯಷ್ಟು ಇಳಿಸಿ, ಮಧ್ಯಮವನ್ನು ಒತ್ತುವಾಗ ಬೆರಳನ್ನು ತುಸು ಓರೆಯಾಗಿ ತಳ್ಳಿ ಏರಿಸಿಕೊಳ್ಳುತ್ತೇನೆ.

ಬಲಗೈ

ಹೆಬ್ಬೆರಳು ಕೆಳಮುಖವಾಗಿ, ತೋರುಬೆರಳು ಮತ್ತು ನಡುಬೆರಳು ಮೇಲ್ಮುಖವಾಗಿ ಮೀಟುತ್ತವೆ. ವೀಣೆಯಲ್ಲಿ ತೋರು ಮತ್ತು ನಡುಬೆರಳುಗಳು ಕೆಳಮುಖವಾಗಿ, ಕಿರುಬೆರಳು ತಾಳದ ತಂತಿಯನ್ನು ಮೇಲ್ಮುಖವಾಗಿ ಮೀಟುವುದು ರೂಢಿ. ಹಾಗಾಗಿ ವೀಣೆಯವರಿಗೆ ಮೊದಲ ಎರಡು ವಾರ ಎಲ್ಲವೂ ತಲೆಕೆಳಗಾದಂತೆ ಅನಿಸುತ್ತದೆ. ಕಿರುಬೆರಳನ್ನು ಕುದುರೆಯ ಪಕ್ಕದಲ್ಲಿ ಮುಚ್ಚಿಗೆಗೆ ಮೆಲ್ಲನೆ ಆನಿಸಿ, ಒತ್ತಬೇಡಿ. ಕುದುರೆಯ ಬಳಿ ಮೀಟಿದರೆ ನಾದ ಚುರುಕು, ಕುತ್ತಿಗೆಯ ಕಡೆ ಸರಿದರೆ ದುಂಡು. ಶಾಸ್ತ್ರೀಯಕ್ಕೆ ನಾನು ನಡುವಿಗಿಂತ ತುಸು ಕುತ್ತಿಗೆಯ ಕಡೆಯೇ ಮೀಟುತ್ತೇನೆ. ಲೋಹದ ಬೆರಳುಕವಚಗಳನ್ನು ಮೊದಲ ಮೂರು ತಿಂಗಳು ಹಾಕದೆ ಬರಿ ಬೆರಳಿನಲ್ಲಿ ಕಲಿಯಿರಿ.

ಅಮೆರಿಕದ ಬ್ಲೂಗ್ರಾಸ್ ಸಂಗೀತದಲ್ಲಿ ಗಿಡ್ಡ ತಂತಿ ಮಧ್ಯೆ ಮಧ್ಯೆ ಎಡೆಬಿಡದೆ ನುಡಿಯುತ್ತಿರುತ್ತದೆ. ಅದು ಆ ಸಂಗೀತದ ಸೊಗಸು. ನಮ್ಮಲ್ಲಿ ಅದು ಸಾಹಿತ್ಯವನ್ನು ಮುಳುಗಿಸುತ್ತದೆ. ಆದಿತಾಳದಲ್ಲಿ ಘಾತ (ಕೈತಟ್ಟು) ಬೀಳುವ 1, 5 ಮತ್ತು 7ನೇ ಅಕ್ಷರಗಳಲ್ಲಿ ಮಾತ್ರ ಹೆಬ್ಬೆರಳು ಅಲ್ಲಿಗೆ ಹೋಗಲಿ.

ಸರಳೆ ವರಸೆ

ಈ ವಾದ್ಯವನ್ನು ನಾನು ಬಿಡದೆ ಹಿಡಿದುಕೊಂಡದ್ದಕ್ಕೆ ಕಾರಣ ಇಲ್ಲಿದೆ. ಪುರಂದರದಾಸರು ಮಕ್ಕಳ ಪಾಠಕ್ಕೆ ಆರಿಸಿದ ರಾಗವೆಂದು ನಾವು ನಂಬಿಕೊಂಡು ಬಂದಿರುವ ಮಾಯಾಮಾಳವಗೌಳ, ಬ್ಯಾಂಜೊದ ವಾಡಿಕೆಯ ಶ್ರುತಿಯಲ್ಲಿ ಹೀಗೆ ಬಂದು ಕೂರುತ್ತದೆ:

3ನೇ ತಂತಿ: ಬಿಡಿ (ಮೆಟ್ಟಿಲು ಒತ್ತದೆ ಮೀಟಿದ) ಸ, 1ನೇ ಮೆಟ್ಟಿಲು ರಿ
2ನೇ ತಂತಿ: ಬಿಡಿ ಗ, 1ನೇ ಮೆಟ್ಟಿಲು ಮ
1ನೇ ತಂತಿ: ಬಿಡಿ ಪ, 1ನೇ ಮೆಟ್ಟಿಲು ದ, 4ನೇ ಮೆಟ್ಟಿಲು ನಿ, 5ನೇ ಮೆಟ್ಟಿಲು ಅಥವಾ ಗಿಡ್ಡ ತಂತಿ ತಾರ ಸ

ಬಿಡಿ, ಒಂದು, ಬಿಡಿ, ಒಂದು, ಬಿಡಿ, ಒಂದು. ತೋರುಬೆರಳು ಒಂದೇ ಮೆಟ್ಟಿಲಲ್ಲಿದ್ದು ಮೂರು ತಂತಿಗಳನ್ನು ದಾಟಿದರೆ ಆರು ಸ್ವರಗಳು ಮುಗಿದವು. ಮೊದಲ ಸಲ ಇದನ್ನು ಕಂಡುಕೊಂಡ ಸಂಜೆ ನಾನು ಎದ್ದುಹೋಗಿ ಅಮ್ಮನನ್ನು ಅಡುಗೆಮನೆಯಿಂದ ಕರೆತಂದು ತೋರಿಸಿದೆ.

ಬಲಗೈಗೆ ಒಂದೇ ನಿಯಮ: ಒಂದು ಬೆರಳು ಸತತವಾಗಿ ಎರಡು ಸಲ ಮೀಟಬಾರದು. ಆರೋಹಣಕ್ಕೆ ಹೆಬ್ಬೆರಳು, ತೋರು, ಹೆಬ್ಬೆರಳು, ತೋರು, ನಡು, ತೋರು, ನಡು, ಕೊನೆಯಲ್ಲಿ ಗಿಡ್ಡ ತಂತಿಯ ಷಡ್ಜಕ್ಕೆ ಹೆಬ್ಬೆರಳು. ಅವರೋಹಣಕ್ಕೆ ಇದೇ ಸಾಲನ್ನು ಹಿಂದಿನಿಂದ ಓದಿ. ತಾಳಯಂತ್ರವನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಮೂರು ಕಾಲಗಳಲ್ಲಿ ನುಡಿಸಿ. ಎರಡನೇ ಕಾಲದಲ್ಲಿ ಎಂಟೂ ಸ್ವರಗಳ ತೂಕ ಸಮನಾಗದೆ ಮೂರನೆಯದಕ್ಕೆ ಹೋಗಬೇಡಿ. ಬಿಡಿ ತಂತಿಯ ಸ್ವರ ಜೋರಾಗಿಯೂ ಒತ್ತಿದ ಸ್ವರ ಪೇಲವವಾಗಿಯೂ ಬರುವುದು ಎಲ್ಲರಿಗೂ ಆಗುವ ತೊಂದರೆ. ಬಿಡಿ ತಂತಿಯನ್ನು ಮೆಲ್ಲಗೆ ಮೀಟುವುದನ್ನು ಕಲಿತರೆ ಅದು ಹೋಗುತ್ತದೆ.

ಜಂಟಿ ವರಸೆ ಮತ್ತು ಗಮಕ

ಜಂಟಿಯಲ್ಲಿ ಪ್ರತಿ ಸ್ವರವೂ ಎರಡೆರಡು ಸಲ ಬರುತ್ತದೆ. ಎರಡನೇ ಸ್ವರಕ್ಕೆ ಕೆಳಗಿನ ಸ್ವರದಿಂದ ಒಂದು ತಟ್ಟು ಬೇಕು. ಅದೇ ಸ್ಫುರಿತ. ಇದನ್ನು ಬ್ಯಾಂಜೊ ಬಹಳ ಚೆನ್ನಾಗಿ ನುಡಿಯುತ್ತದೆ. ರಿರಿ ನುಡಿಸುವಾಗ ಮೊದಲನೇ ರಿಯನ್ನು 1ನೇ ಮೆಟ್ಟಿಲಲ್ಲಿ ಮೀಟಿ. ಎರಡನೆಯದಕ್ಕೆ ಬೆರಳು ಎತ್ತಿ ಬಿಡಿ ತಂತಿ ಮೀಟಿ, ತಕ್ಷಣ ಅದೇ ಬೆರಳನ್ನು 1ನೇ ಮೆಟ್ಟಿಲ ಮೇಲೆ ಬಡಿಯಿರಿ. ಮೀಟಿದ್ದು ಸ, ಕಿವಿಗೆ ಬೀಳುವುದು ಒತ್ತು ಪಡೆದ ರಿ. ಮಮ, ದದ ಎರಡಕ್ಕೂ ಹೀಗೆಯೇ.

ಗಗ, ಪಪ ಬಂದಾಗ ತೊಡಕು. ಅವು ಬಿಡಿ ತಂತಿಗಳು, ಕೆಳಗಿನ ಸ್ವರ ಆ ತಂತಿಯಲ್ಲಿ ಇಲ್ಲ. ಆಗ ಗಾಂಧಾರವನ್ನು 3ನೇ ತಂತಿಯ 4ನೇ ಮೆಟ್ಟಿಲಲ್ಲಿ ಹಿಡಿಯಿರಿ. ತೋರುಬೆರಳು 1ರಲ್ಲಿ ರಿ ಒತ್ತಿರಲಿ, ಕಿರುಬೆರಳು 4ರ ಮೇಲೆ ಬಡಿಯಲಿ. ಪಂಚಮವನ್ನು 2ನೇ ತಂತಿಯ 3ನೇ ಮೆಟ್ಟಿಲಲ್ಲಿ ಹಿಡಿದು 1ನೇ ಮೆಟ್ಟಿಲ ಮಧ್ಯಮದಿಂದ ತಟ್ಟಿ. ನಿಷಾದಕ್ಕೆ 1ನೇ ತಂತಿಯಲ್ಲೇ 1ರಿಂದ 4ಕ್ಕೆ, ತಾರ ಷಡ್ಜಕ್ಕೆ 4ರಿಂದ 5ಕ್ಕೆ. ಕಿರುಬೆರಳಿಗೆ ಶಕ್ತಿ ಬರಲು ನನಗೆ ಎರಡು ತಿಂಗಳು ಹಿಡಿಯಿತು.

ಸ್ವರದಿಂದ ಸ್ವರಕ್ಕೆ ಬೆರಳು ಸರಿಸುವ ಜಾರು ಸಹ ಒಲಿಯುತ್ತದೆ, ಒಂದು ಷರತ್ತಿನ ಮೇಲೆ: ಮೀಟಿದ ಕೂಡಲೇ ಬೆರಳು ಹೊರಡಬೇಕು. ವೀಣೆಯಲ್ಲಿ ಮೀಟಿ, ನಿಂತು, ಆಮೇಲೆ ಜಾರಬಹುದು. ಇಲ್ಲಿ ನಿಂತರೆ ಜಾರಲು ನಾದವೇ ಉಳಿದಿರುವುದಿಲ್ಲ.

ತಂತಿಯನ್ನು ಅಡ್ಡಕ್ಕೆ ಎಳೆಯುವುದು ಅರ್ಧ ಸ್ವರಕ್ಕೆ ಸೀಮಿತವಾಗಿರಲಿ. ಹೆಚ್ಚು ಎಳೆದರೆ ಕುದುರೆ ಕದಲುತ್ತದೆ. ಅಂದರೆ ತೋಡಿ, ಭೈರವಿ, ಬೇಗಡೆಯಂಥ, ಕಂಪನದಲ್ಲೇ ಜೀವ ಇಟ್ಟುಕೊಂಡ ರಾಗಗಳನ್ನು ಈ ವಾದ್ಯಕ್ಕೆ ಕೇಳಬಾರದು. ಇದು ನನ್ನ ಖಚಿತ ಅಭಿಪ್ರಾಯ. ಅರೆಬರೆ ತೋಡಿಯನ್ನು ಕೇಳುವುದಕ್ಕಿಂತ ತುಂಬು ಮೋಹನ ಕೇಳುವುದು ಮೇಲು. ಮೋಹನ, ಹಂಸಧ್ವನಿ, ಶಂಕರಾಭರಣ ಮೂರೂ ಈ ಶ್ರುತಿಯ ಬಿಡಿ ತಂತಿಗಳ ಮೇಲೆ ಸಲೀಸಾಗಿ ನಿಲ್ಲುತ್ತವೆ. ಸಾಧಾರಣ ಗಾಂಧಾರದ ಸರಳ ರಚನೆ ಬೇಕೆನಿಸಿದರೆ 2ನೇ ತಂತಿಯನ್ನು ಅರ್ಧ ಸ್ವರ ಇಳಿಸಿಕೊಳ್ಳಿ. ಇಲ್ಲದಿದ್ದರೆ ಬಿಡಿಯಾಗಿರುವ ಅಂತರ ಗಾಂಧಾರ ತಾನೇ ಅನುರಣಿಸಿ ರಾಗವನ್ನು ಕೆಡಿಸುತ್ತದೆ.

ದೀರ್ಘ ಸ್ವರಗಳಿಗೆ ಏನು ಮಾಡುವುದು? ಕೆಲವರು ಮ್ಯಾಂಡೊಲಿನ್‌ನಂತೆ ಒಂದೇ ಸ್ವರವನ್ನು ಪಟಪಟನೆ ಮೀಟುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಕಾರ್ವೆಯನ್ನು (ಸ್ವರದ ನೀಳವನ್ನು) ಸಾಹಿತ್ಯದ ಅಕ್ಷರಕ್ಕೆ ಅಥವಾ ತಾಳದ ಅರ್ಧಕ್ಕೆ ಒಡೆದು ಮತ್ತೊಮ್ಮೆ ಮೀಟಿದರೆ ಸಾಕು. ಇದಕ್ಕೆ ಕಿವಿ ಪಳಗಬೇಕಾದರೆ ವೀಣೆಯ ಮೈಸೂರು ಬಾನಿಯನ್ನು (ಶೈಲಿಯನ್ನು) ಕೇಳಿ. ತಂಜಾವೂರು ಬಾನಿ ಹಾಡಿಕೆಯ ಎಳೆತವನ್ನು ತಂತಿಯಲ್ಲಿ ತರಲು ನೋಡಿದರೆ, ವೀಣೆ ಶೇಷಣ್ಣನವರ ಪರಂಪರೆ ಮೀಟಿನ ಸ್ಪಷ್ಟತೆಗೆ, ಬಿಡಿಬಿಡಿಯಾಗಿ ಹೊಳೆಯುವ ಸ್ವರಕ್ಕೆ ಹೆಸರಾಯಿತು. ಅದೇ ಪರಂಪರೆಯ ವೈಣಿಕ ದೊರೆಸ್ವಾಮಿ ಅಯ್ಯಂಗಾರ್ಯರ ಧ್ವನಿಮುದ್ರಣಗಳನ್ನು ಹಾಕಿಕೊಂಡು ಎಲ್ಲಿ ಮೀಟು ಬೀಳುತ್ತದೆ, ಎಲ್ಲಿ ಬೀಳುವುದಿಲ್ಲ ಎಂದು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತ ಹೋಗಿ. ಬ್ಯಾಂಜೊಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮೊದಲ ಗೀತೆ

ಮಲಹರಿಯ ಪಿಳ್ಳಾರಿ ಗೀತೆ, ಗಣನಾಥನನ್ನು ನೆನೆಯುವುದು, ರೂಪಕ ತಾಳ. ಮಲಹರಿಯ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ದ ಪ ಮ ಗ ರಿ ಸ. ನಿಷಾದವಿಲ್ಲ, ಉಳಿದ ಸ್ವರಸ್ಥಾನಗಳೆಲ್ಲ ಮಾಯಾಮಾಳವಗೌಳದವೇ. ಮೊದಲ ಆವರ್ತ ಇದು (' ಗುರುತಿರುವುದು ತಾರಸ್ಥಾಯಿಯ ಸ್ವರ):

ಮ ಪ | ದ ಸ' ಸ' ರಿ'

ಮ 2ನೇ ತಂತಿಯ 1ನೇ ಮೆಟ್ಟಿಲು. ಪ ಬಿಡಿ 1ನೇ ತಂತಿ. ದ ಅದರ 1ನೇ ಮೆಟ್ಟಿಲು. ಇಲ್ಲಿಂದ ತಾರ ರಿಷಭಕ್ಕೆ, ಅಂದರೆ 6ನೇ ಮೆಟ್ಟಿಲಿಗೆ, ಕೈ ಹಾರಬೇಕು. ಹಾರಿದರೆ ನಡುವೆ ಒಂದು ಬಿರುಕು ಕೇಳಿಸುತ್ತದೆ. ಆದರೆ ನಡುವೆ ಷಡ್ಜ ಎರಡು ಸಲ ಬರುತ್ತದಲ್ಲ, ಮೊದಲನೆಯದನ್ನು ಹೆಬ್ಬೆರಳಿನಿಂದ ಗಿಡ್ಡ ತಂತಿಯಲ್ಲಿ ಮೀಟಿ. ಅದು ನುಡಿಯುತ್ತಿರುವಾಗ ಎಡಗೈಗೆ ಬೇರೆ ಕೆಲಸವಿಲ್ಲ, ನೆಮ್ಮದಿಯಾಗಿ 5ನೇ ಮೆಟ್ಟಿಲಿಗೆ ಸರಿಯುತ್ತದೆ. ಎರಡನೇ ಷಡ್ಜ ಅಲ್ಲಿ, ರಿಷಭ ಪಕ್ಕದಲ್ಲೇ. ಮುಂದಿನ ಆವರ್ತ ರಿ' ಸ' | ದ ಪ ಮ ಪ. ಇಳಿಯುವಾಗಲೂ ಇದೇ ಉಪಾಯ: ರಿ' 6ರಲ್ಲಿ, ಸ' ಗಿಡ್ಡ ತಂತಿಯಲ್ಲಿ, ಅಷ್ಟರಲ್ಲಿ ಕೈ 1ನೇ ಮೆಟ್ಟಿಲಿಗೆ ಮರಳಿರುತ್ತದೆ. ಬಾಯಲ್ಲಿ ಸಾಹಿತ್ಯ ಹಾಡಿಕೊಂಡೇ ನುಡಿಸಿ. ಹಾಡದೆ ನುಡಿಸಿದರೆ ಈ ವಾದ್ಯದಲ್ಲಿ ಎಲ್ಲವೂ ಬೆರಳ ವ್ಯಾಯಾಮದಂತೆ ಕೇಳಿಸುತ್ತದೆ.

ಗೀತೆಗಳಾದ ಮೇಲೆ ನೇರ ಕೃತಿಗೆ ಹಾರುವ ಬದಲು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳನ್ನು ಕೈಗೆತ್ತಿಕೊಳ್ಳಿ. ಯೂರೋಪಿನ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂಡಿಸಿದ, ಶಂಕರಾಭರಣದ ಸ್ವರಗಳಲ್ಲಿ ಗಮಕವಿಲ್ಲದೆ ನಡೆಯುವ ಪುಟ್ಟ ರಚನೆಗಳು ಅವು. ಬ್ಯಾಂಜೊಗೆಂದೇ ಮಾಡಿದಂತಿವೆ.

ರಾತ್ರಿಯ ಸಾಧನೆ

ಅಪಾರ್ಟ್‌ಮೆಂಟಿನಲ್ಲಿ ಬ್ಯಾಂಜೊ ಎರಡು ಮಹಡಿ ಕೇಳಿಸುತ್ತದೆ. ಹಳೆಯ ಹತ್ತಿಯ ಪಂಚೆಯ ತುಂಡನ್ನು ಮಡಿಸಿ ಮುಚ್ಚಿಗೆಯ ಹಿಂಬದಿಗೂ ಒಳಗಿನ ಸರಳಿಗೂ ನಡುವೆ, ಕುದುರೆಯ ಕೆಳಗೆ ಬರುವಂತೆ ತುರುಕಿ. ದನಿ ಅರ್ಧಕ್ಕಿಳಿಯುತ್ತದೆ. ಬೇಡದ ಝೇಂಕಾರ ಹೋಗಿ ಸ್ವರ ಒಪ್ಪವಾಗುವುದರಿಂದ ನಾನು ಹಗಲಿನಲ್ಲೂ ತೆಳುವಾದ ಒಂದು ಮಡಿಕೆಯನ್ನು ಬಿಟ್ಟಿರುತ್ತೇನೆ.

ಪಾಶ್ಚಾತ್ಯ ಶಾಸ್ತ್ರೀಯದತ್ತ

ಇದು ಹೊಸ ಸಾಹಸವೇನಲ್ಲ. 1890ರ ದಶಕದಲ್ಲೇ ಅಮೆರಿಕದ ಎ.ಎ. ಫಾರ್‌ಲ್ಯಾಂಡ್ ಬೀಥೋವನ್ನನ ರಚನೆಗಳನ್ನು ವೇದಿಕೆಯಲ್ಲಿ ಬ್ಯಾಂಜೊದಲ್ಲಿ ನುಡಿಸುತ್ತಿದ್ದರು. 2001ರಲ್ಲಿ ಬೇಲಾ ಫ್ಲೆಕ್ ಬಾಖ್, ಸ್ಕಾರ್ಲಾಟಿ, ಶೊಪೆನ್ ರಚನೆಗಳ ಇಡೀ ಧ್ವನಿಮುದ್ರಿಕೆಯನ್ನೇ ಹೊರತಂದರು. ಫಾರ್‌ಲ್ಯಾಂಡ್ ಕಾಲದ ಬ್ಯಾಂಜೊದವರು 4ನೇ ತಂತಿಯನ್ನು ಡಿ ಬದಲು ಸಿಗೆ ಇಳಿಸಿಕೊಳ್ಳುತ್ತಿದ್ದರು. ಪಿಟೀಲು ಜಾತಿಯ ದೊಡ್ಡ ವಾದ್ಯವಾದ ಚೆಲ್ಲೊದ ಅತಿ ಕೆಳಗಿನ ತಂತಿಯೂ ಸಿ, ಬ್ಯಾಂಜೊದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ. ಆದ್ದರಿಂದ ಚೆಲ್ಲೊಗೆ ಬರೆದದ್ದನ್ನು ಒಂದು ಸ್ಥಾಯಿ ಮೇಲೆ ನುಡಿಸಿದರೆ ಯಾವ ಸ್ವರವೂ ವಾದ್ಯದ ಕೆಳಗೆ ಬಿದ್ದುಹೋಗುವುದಿಲ್ಲ. ಬಾಖ್‌ನ ಚೆಲ್ಲೊ ಸೂಟ್‌ಗಳು ಬಹುಪಾಲು ಒಂಟಿ ಎಳೆಯ ಸಂಗೀತವಾದ್ದರಿಂದ ನಮ್ಮ ಕಿವಿಗೂ ಬೇಗ ಒಗ್ಗುತ್ತವೆ.

ಜಿ ಮೇಜರ್ ಸೂಟ್‌ನ ಆರಂಭದ ಭಾಗ, ಪ್ರೆಲ್ಯೂಡ್, ತೆಗೆದುಕೊಳ್ಳಿ. ಮೊದಲ ಎಳೆಯನ್ನು ನಮ್ಮ ಸ್ವರಗಳಲ್ಲಿ ಬರೆದರೆ ಸ ಪ ಗ' ರಿ' ಗ' ಪ ಗ' ಪ. ಸ ಬಿಡಿ 3ನೇ ತಂತಿ, ಪ ಬಿಡಿ 1ನೇ ತಂತಿ. ಗಾಂಧಾರವನ್ನು 1ನೇ ತಂತಿಯಲ್ಲಿ ಹುಡುಕಿದರೆ ಪಂಚಮ ಕಡಿದುಹೋಗುತ್ತದೆ. ಅದನ್ನು 2ನೇ ತಂತಿಯ 12ನೇ ಮೆಟ್ಟಿಲಲ್ಲಿ, ರಿಷಭವನ್ನು ಅದೇ ತಂತಿಯ 10ರಲ್ಲಿ ಹಿಡಿಯಿರಿ. ಎಡಗೈ ನಡುವಿನ ಒಂದೇ ತಂತಿಯ ಮೇಲೆ ಓಡಾಡುತ್ತದೆ, ಎರಡು ಬದಿಯ ಬಿಡಿ ತಂತಿಗಳು ತಂಬೂರಿಯಂತೆ ನಾದ ಬಿಡುತ್ತಲೇ ಇರುತ್ತವೆ. ಬಲಗೈ: ಹೆಬ್ಬೆರಳು, ನಡು, ತೋರು, ಹೆಬ್ಬೆರಳು, ತೋರು, ನಡು, ತೋರು, ನಡು. ಈ ಎಳೆ ಎರಡು ಸಲ ಬಂದ ಮೇಲೆ ಈ ಅನುಕೂಲ ತಪ್ಪಿ ಕೈಗೆ ಬೇರೆ ಜಾಗ ಹುಡುಕಬೇಕಾಗುತ್ತದೆ. ಅಲ್ಲಿಗೆ ಹೋಗುವ ಮುನ್ನ ಈ ಎಂಟು ಸ್ವರಗಳನ್ನು ಒಂದು ವಾರ ನುಡಿಸಿ.